ಹುಳ ಮನೆಯಲ್ಲಿರುವಷ್ಟು ದಿನ

ಸೌಜನ್ಯ ಗಂಡನ ಮನೆಗೆ ಕಾಲಿಟ್ಟ ಮಾರನೆಯ ದಿನವೇ ಆ ಮನೆಗೆ ರೇಷ್ಮೆ ಹುಳವೂ ಬಂತು. ಹೊಸ ಸೊಸೆಗಿಂತ ಹುಳವೇ ದೊಡ್ಡ ನೆಂಟನೆಂಬಂತೆ ಮನೆಮಂದಿಯೆಲ್ಲ ಆ ಕಡೆ ಓಡಿದರು. ಬೇರೆ ಹುಡುಗಿಯಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದಳೇನೋ. ಸೌಜನ್ಯ ಮಾತ್ರ ಬಾಗಿಲಲ್ಲಿ ನಿಂತು ಆ ಹುಳಗಳಿಗೆ ಮನಸ್ಸಿನಲ್ಲೇ ಕೈ ಮುಗಿದಳು.

ಕಾರಣ ಆ ಮನೆಯ ಒಂದು ಕಟ್ಟಳೆ. ಎಳೆಹುಳ ತಂದ ದಿನದಿಂದ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುವ ದಿನದವರೆಗೆ, ಅಲ್ಲಿ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗುವಂತಿಲ್ಲ. ಮಲಗಿದರೆ ಹುಳಕ್ಕೆ ಮೈಲಿಗೆ ತಾಗುತ್ತದೆ, ಬೆಳೆ ಕೆಡುತ್ತದೆ ಎಂದು ನಂಬಿಕೆ. ಸುತ್ತಮುತ್ತಲ ಎಷ್ಟೋ ಮನೆಗಳು ಇದನ್ನು ಯಾವತ್ತೋ ಕೈಬಿಟ್ಟಿದ್ದವು. ಅತ್ತೆ ಓಬಳಮ್ಮ ಕೈಬಿಡುವ ಪೈಕಿ ಅಲ್ಲ. ಮದುವೆಯ ದಿನವನ್ನೇನೋ ಹುಳದ ಲೆಕ್ಕ ನೋಡಿಯೇ ಇಟ್ಟಿದ್ದರು. ಹೆಣ್ಣಿನ ಕಡೆ ಸೂತಕ ಬಂದು ಮುಹೂರ್ತ ಮುಂದಕ್ಕೆ ಹೋಯಿತು, ಮೊದಲೇ ಹೇಳಿಟ್ಟಿದ್ದ ಹುಳ ಮಾತ್ರ ತನ್ನ ದಿನಕ್ಕೇ ಬಂತು. ಹೀಗಾಗಿ ಪ್ರಸ್ತ, ಅಂದರೆ ಮೊದಲ ರಾತ್ರಿಯ ಶಾಸ್ತ್ರ, ಗೂಡು ಮಾರಿದ ಮೇಲೆ ಎಂದು ಹಿರಿಯರು ಗೊತ್ತು ಮಾಡಿದರು. ಕೇಳಿದವರೆಲ್ಲ ಮದುಮಕ್ಕಳ ಮುಖ ನೋಡಿ ಅಯ್ಯೋ ಪಾಪ ಎಂದು ನಕ್ಕರು.

ಸೌಜನ್ಯಳೂ ನಕ್ಕಳು. ಅವಳ ನಗು ಬೇರೆಯದು. ಹತ್ತಿರ ಹತ್ತಿರ ಒಂದು ತಿಂಗಳ ಸಮಯ ಸಿಕ್ಕಿತಲ್ಲ ಎಂಬ ನೆಮ್ಮದಿ ಅದರಲ್ಲಿತ್ತು.

ಹಾಗೆಂದು ಅವಳೇನು ಹಾಲುಗಲ್ಲದ ಹುಡುಗಿಯಲ್ಲ. ಇಪ್ಪತ್ತಾರು ವಯಸ್ಸು, ಗೌರಿಬಿದನೂರಿನ ಕಡೆಯವಳು, ಬಿ.ಎಸ್ಸಿ. ಮುಗಿಸಿ ಕುಡುಮಲಕುಂಟೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಅವಳ ಹಿಂದೆ ಯಾವ ಹಳೆಯ ಪ್ರೇಮವೂ ಇರಲಿಲ್ಲ, ಯಾರೂ ಅವಳಿಗೆ ಕೆಟ್ಟದ್ದು ಮಾಡಿರಲಿಲ್ಲ, ಗಂಡ ಮುರಳಿಮೋಹನನ ಮೇಲೆ ಬೇಸರವೂ ಇರಲಿಲ್ಲ. ಹೆಣ್ಣೊಬ್ಬಳು ಇನ್ನೂ ಬೇಡ ಎಂದರೆ ಜನಕ್ಕೆ ಒಂದು ಕಾರಣ ಬೇಕು, ಅದೂ ಕೇಳುವುದಕ್ಕೆ ರುಚಿಯಾಗಿರಬೇಕು. ಅವಳ ಹತ್ತಿರ ಅಂಥದ್ದೇನೂ ಇರಲಿಲ್ಲ. ಅವಳ ಮೈ ಇನ್ನೂ ಒಪ್ಪಿರಲಿಲ್ಲ, ಅಷ್ಟೆ.

ನಿಶ್ಚಿತಾರ್ಥ ಆದಮೇಲೆ ಮುರಳಿ ದಿನಾ ಸಂಜೆ ಫೋನ್ ಮಾಡುತ್ತಿದ್ದ. ಹಾಲಿನ ಶೀತಲೀಕರಣ ಕೇಂದ್ರದಲ್ಲಿ ಅವನಿಗೆ ಕೆಲಸ. ಅಲ್ಲಿನ ಸುದ್ದಿಗಳನ್ನು ನಗುವಂತೆ ಹೇಳುತ್ತಿದ್ದ. ಫೋನಿನಲ್ಲಿ ಅವನೆಂದರೆ ಅವಳಿಗೆ ಇಷ್ಟ. ಒಂದು ಸಲ ಸೀರೆ ತೆಗೆಯಲು ಎರಡೂ ಮನೆಯವರು ಚಿಂತಾಮಣಿಗೆ ಹೋದಾಗ, ಬಸ್ಸಿನಲ್ಲಿ ಅವನು ಪಕ್ಕ ಕೂತು ಕೈ ಹಿಡಿದುಕೊಂಡ. ಅವಳ ಅಂಗೈ ಬೆವೆತುಹೋಯಿತು. ಟಿಕೆಟ್ ಹುಡುಕುವ ನೆಪ ಮಾಡಿ ಕೈ ಬಿಡಿಸಿಕೊಂಡಳು. ಅವತ್ತು ಮನೆಗೆ ಬಂದು ತಾಯಿ ಅನಸೂಯಮ್ಮನ ಹತ್ತಿರ ಮೆಲ್ಲಗೆ ಬಾಯಿ ಬಿಟ್ಟಳು.

"ಅಮ್ಮ, ಮದುವೆ ಆದ್ಮೇಲೆ ಸ್ವಲ್ಪ ದಿನ ಬಿಟ್ಟು... ಅಂದ್ರೆ, ನಂಗೆ ಇನ್ನೂ ಯಾಕೋ ಧೈರ್ಯ ಬರ್ತಿಲ್ಲ."

"ಎಲ್ಲಾರ್ಗೂ ಹಂಗೇ ಕಣೇ. ಆಮೇಲೆ ಎಲ್ಲಾ ಸರಿಹೋಗುತ್ತೆ. ಇದನ್ನೆಲ್ಲ ಬಾಯಿಬಿಟ್ಟು ಹೇಳ್ತಾರಾ?" ಎಂದು ಅನಸೂಯಮ್ಮ ಸೀರೆಗೆ ಕುಚ್ಚು ಕಟ್ಟಿಸುವ ಮಾತಿಗೆ ಹೊರಳಿಬಿಟ್ಟಳು.

ಹೀಗೆ ಹೆತ್ತ ತಾಯಿ ಕೇಳಿಸಿಕೊಳ್ಳದಿದ್ದುದನ್ನು ಹುಳ ನಡೆಸಿಕೊಟ್ಟಿತ್ತು. ಅವಳಿಗೆ ಅತ್ತೆಯ ಪಕ್ಕದಲ್ಲಿ ಚಾಪೆ, ಮುರಳಿಗೆ ಮಾವ ಆವಲಪ್ಪನವರ ಜೊತೆ ಜಗಲಿ. ತನ್ನ ಬಾಯಿಂದ ಬೇಡ ಎನ್ನುವ ಕಷ್ಟವೇ ಇರಲಿಲ್ಲ.

ಹುಳು ಮೇಯಿಸುವ ಕೆಲಸ ಅವಳಿಗೆ ಹೊಸದು. ಹಿಪ್ಪುನೇರಳೆಯ ಕೊಂಬೆ ತರುವುದು, ಹಾಸುವುದು, ಕಸ ತೆಗೆಯುವುದು, ಸುಣ್ಣ ಉದುರಿಸುವುದು, ಮತ್ತೆ ಕೊಂಬೆ ತರುವುದು. ಮುರಳಿ ಕೆಲಸಕ್ಕೆ ಹೋಗುವ ಮುಂಚೆ, ಬಂದ ಮೇಲೆ, ಅವಳ ಜೊತೆ ಹುಳುಮನೆಯಲ್ಲಿ ನಿಲ್ಲುತ್ತಿದ್ದ. ಅವಳು ಮೊದಲ ಸಲ ಹುಳ ಮುಟ್ಟಿ ಕಿರುಚಿದಾಗ ನಗಲಿಲ್ಲ. ತನ್ನ ಅಂಗೈ ಮೇಲೆ ಒಂದನ್ನು ಬಿಟ್ಟುಕೊಂಡು, "ಕಚ್ಚಲ್ಲ, ನೋಡು. ತಣ್ಣಗಿರುತ್ತೆ" ಎಂದ. ಮುಟ್ಟು ಎಂದು ಒತ್ತಾಯ ಮಾಡಲಿಲ್ಲ. ಅವಳಾಗಿ ಬೆರಳು ಚಾಚುವವರೆಗೆ ಕೈ ಹಾಗೇ ಹಿಡಿದಿದ್ದ. ಈ ಒಂದು ವಿಷಯಕ್ಕೆ ಅವಳಿಗೆ ಅವನ ಮೇಲೆ ಎಷ್ಟು ಮೆಚ್ಚುಗೆ ಹುಟ್ಟಿತೆಂದರೆ, ಅವನಿಗೆ ಗೊತ್ತಾಗಿದ್ದರೆ ಉಬ್ಬಿಹೋಗುತ್ತಿದ್ದ.

ಆದರೆ ಆ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಹುಳ ಎಷ್ಟು ದಿನದ್ದು, ಯಾವಾಗ ಹಣ್ಣಾಗಿ ಗೂಡು ಕಟ್ಟುತ್ತದೆ, ಯಾವಾಗ ಮಾರುಕಟ್ಟೆಗೆ ಹೋಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಅಂದಮೇಲೆ ಸೌಜನ್ಯ ಯಾವತ್ತು ಆ ಕೋಣೆಗೆ ಹೋಗುತ್ತಾಳೆ ಎಂಬುದೂ ಗೊತ್ತು. ಪಕ್ಕದ ಮನೆಯ ಆಂಜಿನಮ್ಮ, ಆವಲಪ್ಪನವರ ತೀರಿಹೋದ ಅಣ್ಣನ ಹೆಂಡತಿ, ದಿನಾ ಒಂದು ಸಲ ಬಂದು ಹುಳ ನೋಡುವವಳು. ನೋಡಿ ಸುಮ್ಮನೆ ಹೋಗುವ ಜಾಯಮಾನ ಅವಳದಲ್ಲ.

"ಮೂರನೇ ಜ್ವರ ಎದ್ದಾವೆ ಕಣಮ್ಮ. ಇನ್ನೊಂದು ಜ್ವರ ಎದ್ರೆ ನಿನ್ನ ಪಾಡು ನಿಂದು" ಎಂದು ಸೊಸೆಯ ಕೆನ್ನೆ ಚಿವುಟುತ್ತಿದ್ದಳು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಆ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಸೌಜನ್ಯಳಿಗೆ ತನ್ನ ಮೈಗೆ ಸಂಬಂಧಪಟ್ಟ ದಿನವನ್ನು ಇಷ್ಟೊಂದು ಜನ ಸೇರಿ ಕಾಯುತ್ತಿದ್ದಾರಲ್ಲ, ತನ್ನೊಬ್ಬಳನ್ನು ಯಾರೂ ಕೇಳಲಿಲ್ಲವಲ್ಲ ಎಂದು ಸಿಟ್ಟು ಬರುತ್ತಿತ್ತು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯದೆ ಕೊಂಬೆಗಳನ್ನು ಜೋರಾಗಿ ಕೊಡವುತ್ತಿದ್ದಳು.

ಆಮೇಲೆ ಒಂದು ಮಧ್ಯಾಹ್ನ ಎಲ್ಲ ಬದಲಾಯಿತು.

ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಹುಳ ಮೇಯದಿದ್ದರೆ ಮನೆಮಂದಿಗೆಲ್ಲ ರಜೆ. ಅತ್ತೆ ಮಾವ ಮುರುಗಮಲ್ಲದ ಕಡೆ ನೆಂಟರ ಮನೆಗೆ ಹೋಗಿದ್ದರು. ಮುರಳಿಗೂ ವಾರದ ರಜೆ. ಇಬ್ಬರೂ ತೋಟಕ್ಕೆ ಹೋಗಿ ಹೊಂಗೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದರು. ಊಟ ಆದಮೇಲೆ ಮುರಳಿ ಒಣಗಿದ ಕಡ್ಡಿಯಿಂದ ನೆಲ ಗೀಚುತ್ತಾ ಕೇಳಿದ.

"ನಿಂಗೆ ಭಯಾನಾ? ಅದೇ... ಗೂಡು ಮಾರಿದ್ಮೇಲೆ?"

ಯಾರೂ ಕೇಳದ ಪ್ರಶ್ನೆಯನ್ನು ಇವನು ಕೇಳಿಬಿಟ್ಟಿದ್ದ. ಅವಳು ಸುಳ್ಳು ಹೇಳಬೇಕೆಂದುಕೊಂಡಳು, ಆಗಲಿಲ್ಲ.

"ಹೂಂ" ಎಂದಳು.

"ನಂಗೂ" ಎಂದ ಮುರಳಿ. "ನಗಬೇಡ ಮತ್ತೆ. ಎಲ್ರೂ ಏನೇನೋ ಹೇಳ್ತಾರೆ. ನಂಗೇನ್ ಗೊತ್ತು? ನಿಂಗೆ ನೋವಾದ್ರೆ, ನಿಂಗೆ ಇಷ್ಟ ಆಗ್ದೆ ಹೋದ್ರೆ, ಅಂತ."

ಅವಳು ನಗಲಿಲ್ಲ. ತಲೆಯ ಮೇಲಿದ್ದ ಹೊರೆಯನ್ನು ಯಾರೋ ಇನ್ನೊಂದು ತುದಿಯಲ್ಲಿ ಹಿಡಿದಂತೆ ಅನಿಸಿತು. ಅವನ ಕೈ ಮಣ್ಣಾಗಿತ್ತು. ತಾನಾಗಿ ಆ ಕೈ ಹಿಡಿದುಕೊಂಡಳು; ಅಂಗೈ ಬೆವರಲಿಲ್ಲ. ಸುಮಾರು ಹೊತ್ತು ಹಾಗೇ ಕೂತಿದ್ದರು. ಅವನು ಅವಳ ಹಣೆಗೆ ಒಂದು ಮುತ್ತು ಕೊಟ್ಟ, ಅದೂ ಕೇಳಿಯೇ ಕೊಟ್ಟ. ಅವತ್ತು ದಾರಿಯುದ್ದಕ್ಕೂ ಅವಳ ಮನಸ್ಸು ಹಗುರವಾಗಿತ್ತು. ಗೂಡು ಮಾರಿದ ದಿನ ತಾನು ಆ ಕೋಣೆಗೆ ತನ್ನ ಇಷ್ಟದಿಂದಲೇ ಹೋಗುತ್ತೇನೆ, ಯಾರೂ ತಳ್ಳಬೇಕಾಗಿಲ್ಲ ಎಂದು ಅವಳಿಗೆ ಖಚಿತವಾಗಿ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದು ಕೇಳಿದರೆ ಹೇಳಲಾರಳು. ಹಸಿವಾದದ್ದು ಹೇಗೆ ಗೊತ್ತಾಗುತ್ತದೋ ಹಾಗೆ.

ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮುಗಿಯಲಿಲ್ಲ.

ಹುಳ ಜ್ವರ ಎದ್ದು ಹೊಟ್ಟೆಬಾಕನಂತೆ ಮೇಯತೊಡಗಿದಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿಯಿತು. ಸೊಪ್ಪು ಒಣಗಿಸಲು ಬಿಡುವಿಲ್ಲದೆ ಒದ್ದೆ ಕೊಂಬೆಯನ್ನೇ ಹಾಸಿದರು. ಕೆಲವೇ ದಿನಗಳಲ್ಲಿ ಒಂದು ಅಂಕಣದ ಹುಳಗಳ ಮೈ ಊದಿಕೊಂಡು, ಚರ್ಮ ಒಡೆದು ಹಾಲಿನಂಥ ನೀರು ಸೋರತೊಡಗಿತು. ಆವಲಪ್ಪನವರು ಬುಟ್ಟಿ ಬುಟ್ಟಿ ಹುಳ ತೆಗೆದು ಗುಂಡಿಗೆ ಹಾಕಿ ಸುಣ್ಣ ಸುರಿದರು. ಒದ್ದೆ ಸೊಪ್ಪು ಹಾಕಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಕಿದ್ದು ಎಲ್ಲರೂ ಸೇರಿ; ಅದಕ್ಕೇ ಯಾರೂ ಆ ಮಾತೆತ್ತಲಿಲ್ಲ.

ಆ ಬೆಳಿಗ್ಗೆ ಆಂಜಿನಮ್ಮ ಬಂದಳು. ಸೌಜನ್ಯ ಸುಣ್ಣದ ಬಕೆಟ್ ಹಿಡಿದು ಹುಳುಮನೆಯ ಬಾಗಿಲಲ್ಲಿದ್ದಳು. ಮುರಳಿ ಒಳಗಿಂದ ಬುಟ್ಟಿ ತರುತ್ತಿದ್ದ. ಆಂಜಿನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹುಳ ಯಾಕೆ ಸಾಯಕಿಲ್ಲ ಓಬಳಮ್ಮ? ನೀನು ಪಕ್ಕದಲ್ಲಿ ಚಾಪೆ ಹಾಕ್ಕೊಂಡು ಕಾವಲು ಕಾಯ್ತಾ ಇದ್ರೆ, ನಿನ್ನ ಸೊಸೆ ತೋಟದಾಗೆ ಸಂಸಾರ ಮಾಡ್ತಾವಳೆ."

"ಏನಂದೆ?" ಎಂದಳು ಓಬಳಮ್ಮ.

"ನಾನು ಅಂದಿದ್ದಲ್ಲಮ್ಮ. ನಿನ್ನ ಮಗನೇ ಸರ್ಕಲ್‌ನಾಗೆ ಟೀ ಅಂಗಡೀಲಿ ಅಂದವ್ನೆ. ನಮ್ಮ ಮನೆ ಹುಡುಗ ರಮೇಶ್‌ಬಾಬು ಅಲ್ಲೇ ಇದ್ದ. ಹುಳ ಇದ್ರೂ ಬಿಡ್ಲಿಲ್ವೇನೋ ಅಂತ ಹುಡುಗ್ರು ಕೇಳಿದ್ರೆ, ಹುಳಕ್ಕೇನು ಕಣ್ಣಿದಾವಾ ಅಂದನಂತೆ. ಎಲ್ರೂ ಬೆನ್ನು ತಟ್ಟಿದ್ರಂತೆ."

ಸೌಜನ್ಯಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕಿವಿಯಿಂದ ಕತ್ತಿನವರೆಗೆ ಬೆಂಕಿ ಹತ್ತಿಕೊಂಡ ಹಾಗಾಯಿತು. "ಇಲ್ಲ ಅತ್ತೆ. ಅಂಥದ್ದೇನೂ ಆಗಿಲ್ಲ" ಎಂದಳು.

ಓಬಳಮ್ಮ ಅವಳ ಕಡೆ ನೋಡಲಿಲ್ಲ. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. ಮಗನತ್ತ ತಿರುಗಿ, "ಏಮಿರಾ? ನಿಜಮೇನಾ?" ಎಂದಳು.

ಮುರಳಿ ಬುಟ್ಟಿ ಹಿಡಿದುಕೊಂಡೇ ನಿಂತಿದ್ದ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ತಲೆ ತಗ್ಗಿಸಿದ. ಸೌಜನ್ಯ ಅವನನ್ನೇ ನೋಡಿದಳು. ಒಂದೇ ಒಂದು ಮಾತು ಸಾಕಾಗಿತ್ತು. ಹೊಸ ಗಂಡ ತಲೆ ತಗ್ಗಿಸಿದರೆ ಜನ ನಾಚಿಕೆ ಎನ್ನುತ್ತಾರೆ. ಅವರಿಗೆ ಬೇಕಾದ ಉತ್ತರ ಸಿಕ್ಕಿಹೋಗಿತ್ತು. ಆವಲಪ್ಪನವರು ಥೂ ಎಂದು ಉಗಿದು ಗುಂಡಿಯ ಕಡೆ ಹೋದರು.

"ನಾಳೆಯಿಂದ ಹುಳುಮನೆ ಹೊಸ್ತಿಲು ತುಳೀಬೇಡ ನೀನು" ಎಂದಳು ಓಬಳಮ್ಮ ಸೊಸೆಗೆ. "ಗಂಡಸಿಗೆ ಬುದ್ಧಿ ಇರಲ್ಲ. ನಿನಗಾದ್ರೂ ತಡ್ಕೊಳ್ಳಕ್ಕೆ ಆಗ್ಲಿಲ್ವಾ? ಓದ್ದೋಳು ಬೇರೆ."

ಇದು ಯಾವ ನ್ಯಾಯ ನೋಡಿ. ಬೇಡ ಬೇಡ ಎಂದು ಒಳಗೊಳಗೇ ನಡುಗಿದವಳಿಗೆ ಆತುರಗೇಡಿ ಎಂಬ ಹೆಸರು! ಸೌಜನ್ಯ ಬಕೆಟ್ ಕೆಳಗಿಟ್ಟು ಹಿತ್ತಲ ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದಳು, ತೊಳೆದಳು, ಸುಣ್ಣ ಹೋದ ಮೇಲೂ ತೊಳೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಮುರಳಿ ಅಲ್ಲಿಗೆ ಬಂದ.

"ನಾನು ಆ ಥರ ಹೇಳ್ಬೇಕು ಅಂತ ಹೇಳಿದ್ದಲ್ಲ ಸೌಜನ್ಯ. ದಿನಾ ರೇಗಿಸ್ತಿದ್ರು. ಮದುವೆ ಆಗಿ ಇಷ್ಟು ದಿನ ಆಯ್ತು, ಇನ್ನೂ ಅಪ್ಪನ ಪಕ್ಕ ಮಲಗ್ತಾನೆ, ಇವನ ಕೈಲಿ ಏನಾಗುತ್ತೆ ಅಂತ. ಅವತ್ತು ತೋಟದಿಂದ ಬಂದಾಗ ಖುಷಿಯಾಗಿದ್ದೆ. ಬಾಯಿಗೆ ಬಂದ್ಬಿಡ್ತು."

"ತೋಟದಲ್ಲಿ ನಡೆದಿದ್ದು ಏನು ಅಂತ ನಿಮಗೆ ಗೊತ್ತಲ್ವಾ?"

"ಗೊತ್ತು."

"ಮತ್ತೆ ಈಗ ಅತ್ತೆ ಕೇಳ್ದಾಗ ಯಾಕೆ ಇಲ್ಲ ಅನ್ಲಿಲ್ಲ?"

"ಇಲ್ಲ ಅಂದ್ರೆ ನಾನು ಸುಳ್ಳ ಆಗ್ತಿದ್ದೆ. ಊರಲ್ಲಿ ತಲೆಯೆತ್ತಕ್ಕಾಗುತ್ತಾ?"

"ಈಗ ನಾನು ಆದೆ" ಎಂದಳು ಸೌಜನ್ಯ. ಅವಳ ಕಣ್ಣಲ್ಲಿ ನೀರು ಬಂತು. ಅಳುವುದಕ್ಕೆ ಅವಳಿಗೆ ಇಷ್ಟವಿರಲಿಲ್ಲ, ಆದರೂ ಅತ್ತಳು. ಭಯವಾಗುತ್ತದೆ ಎಂದು ಮರದ ಕೆಳಗೆ ಒಪ್ಪಿಕೊಂಡವನು, ಅದೇ ಸಂಜೆ ಟೀ ಅಂಗಡಿಯಲ್ಲಿ ನಿಂತು ಹುಡುಗರ ಶಹಬ್ಬಾಸಿಗೆ ಅವಳನ್ನು ಮಾರಿಬಿಟ್ಟಿದ್ದ. ಆ ಮಧ್ಯಾಹ್ನವೇ ಮೈಲಿಗೆಯಾದ ಹಾಗೆ ಅವಳಿಗೆ ಅನಿಸಿತು. ಯಾವುದು ಖಚಿತವಾಗಿ ಗೊತ್ತಾಗಿತ್ತೋ ಅದು ಈಗ ಗೊತ್ತಿರಲಿಲ್ಲ. ಹುಡುಕಿ ನೋಡಿದರೂ ಒಳಗೆ ಸಿಗಲಿಲ್ಲ.

ಉಳಿದ ಹುಳ ಗೂಡು ಕಟ್ಟಿತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೆಳೆ ಕೈಗೆ ಬಂತು. ಆವಲಪ್ಪನವರು ಗೂಡನ್ನು ಶಿಡ್ಲಘಟ್ಟಕ್ಕೆ ಹಾಕಿಬಂದು ಯಾರ ಹತ್ತಿರವೂ ಮಾತಾಡದೆ ಮಲಗಿದರು. ಓಬಳಮ್ಮ ಪ್ರಸ್ತದ ಶಾಸ್ತ್ರ ಮಾತ್ರ ಬಿಡಲಿಲ್ಲ. ಆಗಿದ್ದು ಆಗಿದೆ, ದೇವರಿಗಾದರೂ ಲೆಕ್ಕ ಸರಿಯಿರಲಿ ಎಂದಳು. ಶುಕ್ರವಾರ ಸಂಜೆಗೆ ಮುಹೂರ್ತ. ಅನಸೂಯಮ್ಮ ಗೌರಿಬಿದನೂರಿನಿಂದ ಹೂವು, ಹಣ್ಣು, ಚಿರೋಟಿ ಹೊತ್ತು ತಂದಳು. ಅಷ್ಟು ಹೊತ್ತಿಗೆ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಮಗಳ ಜಡೆಗೆ ಮಲ್ಲಿಗೆ ಮುಡಿಸುತ್ತಾ, "ಧೈರ್ಯ ಇಲ್ಲ ಅಂತಿದ್ದೆ?" ಎಂದು ಕಿವಿಯಲ್ಲಿ ನಕ್ಕಳು. ಸೌಜನ್ಯಳಿಗೆ ಅಲ್ಲೇ ಎದ್ದು ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿಬಿಡೋಣ ಅನಿಸಿತು. ಎಲ್ಲಿಗೆ? ತಾಯಿಯೇ ಇಲ್ಲಿದ್ದಳು.

ಆರತಿ ಎತ್ತಿ, ಹಾಡು ಹೇಳಿ, ಕೋಣೆಯೊಳಗೆ ಬಿಟ್ಟು ಬಾಗಿಲು ಎಳೆದುಕೊಂಡರು. ಹೊರಗೆ ಹೆಂಗಸರು ಇನ್ನೂ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದು ಕೇಳುತ್ತಿತ್ತು. ಮುರಳಿ ಮಂಚದ ಅಂಚಿನಲ್ಲಿ ಕೂತಿದ್ದ. ಸೌಜನ್ಯ ಹಾಲಿನ ಲೋಟವನ್ನು ಕಿಟಕಿಯಲ್ಲಿಟ್ಟು ನಿಂತೇ ಇದ್ದಳು. ಈಗ ಹುಳವಿರಲಿಲ್ಲ, ಕಟ್ಟಳೆಯಿರಲಿಲ್ಲ, ಅತ್ತೆಯ ಚಾಪೆಯಿರಲಿಲ್ಲ. ಹೇಳುವುದಿದ್ದರೆ ಅವಳೇ ಹೇಳಬೇಕಿತ್ತು.

"ಇವತ್ತು ಬೇಡ" ಎಂದಳು. ಅವನತ್ತ ತಿರುಗಿ ಮತ್ತೆ ಹೇಳಿದಳು. "ಇವತ್ತು ಬೇಡ ರೀ. ನಂಗೆ ಮನಸ್ಸಿಲ್ಲ. ನಾಳೆ ಬರುತ್ತಾ, ನಾಳಿದ್ದು ಬರುತ್ತಾ ಅಂದ್ರೆ ಅದೂ ಗೊತ್ತಿಲ್ಲ."

ಅವನು ರೇಗಬಹುದೆಂದು ಅವಳು ಗಟ್ಟಿಯಾಗಿ ನಿಂತಿದ್ದಳು. ಮುರಳಿ ರೇಗಲಿಲ್ಲ. ಮುಖ ಸಣ್ಣದಾಯಿತು. ಮಂಚದ ಮೇಲೆ ಉದುರಿಸಿದ್ದ ಹೂವನ್ನು ಒಂದು ಕಡೆ ಸರಿಸಿದ.

"ಸರಿ. ನೀನು ಹೂಂ ಅನ್ನೋವರ್ಗೂ ನಾನು ಮುಟ್ಟಲ್ಲ. ನಿನ್ನಾಣೆ."

ಅವಳಿಗೆ ಉಸಿರು ಬಂದಂತಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳು ಅವನ ಪಕ್ಕದಲ್ಲಿ ಕೂರುತ್ತಿದ್ದಳೋ ಏನೋ. ಅವನು ನಿಲ್ಲಿಸಲಿಲ್ಲ.

"ಆದ್ರೆ ಒಂದು. ಹೊರಗೆ ಹೇಳೋದು ಬೇಡ. ಬೆಳಿಗ್ಗೆ ಇಬ್ರೂ ತಲೆಗೆ ಸ್ನಾನ ಮಾಡ್ಬಿಡಣ. ಆಯ್ತು ಅಂದ್ಕೊಳ್ತಾರೆ. ನೀನು ಏನೂ ಹೇಳ್ಬೇಕಾಗಿಲ್ಲ, ಸುಮ್ನೆ ಸ್ನಾನ ಮಾಡು ಸಾಕು."

ಪ್ರಸ್ತದ ಮಾರನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳದೆ ಗಂಡಾಗಲಿ ಹೆಣ್ಣಾಗಲಿ ಅಡುಗೆಮನೆಗೆ ಬರುವಂತಿಲ್ಲ. ಹಂಡೆ ತುಂಬ ನೀರು ಕಾಯಿಸಿಟ್ಟು, ಯಾರ ತಲೆ ಒದ್ದೆ ಎಂದು ಮನೆಯ ಹೆಂಗಸರೆಲ್ಲ ನೋಡುತ್ತಾರೆ. ಬಾಯಿಬಿಟ್ಟು ಕೇಳುವ ಅಗತ್ಯವೇ ಇಲ್ಲ.

ಸೌಜನ್ಯ ಚಾಪೆ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವನು ಕಾಯುತ್ತೇನೆ ಎಂದದ್ದು ನಿಜವೇ ಇರಬಹುದು. ಕಾಯುತ್ತಿರುವುದು ನಾಲ್ಕು ಜನಕ್ಕೆ ಗೊತ್ತಾಗಬಾರದು ಅನ್ನುವವನು ಎಷ್ಟು ದಿನ ಕಾದಾನು ಎಂದು ಅವಳಿಗೆ ಹೆದರಿಕೆಯಾಯಿತು. ಈ ಮನುಷ್ಯ ಒಳ್ಳೆಯವನೇ, ಆದರೆ ಬಾಗಿಲೊಳಗೆ ಮಾತ್ರ ಒಳ್ಳೆಯವನು.

ಬೆಳಿಗ್ಗೆ ಅವಳಿಗೆ ಎಚ್ಚರವಾದಾಗ ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಚೊಂಬಿನ ಮೇಲೆ ಚೊಂಬು, ಬೇಕೆಂದೇ ಜೋರಾಗಿ. ಅವಳು ಎದ್ದು ಮುಖ ತೊಳೆದು, ಹಿಂದಿನ ದಿನದ ಜಡೆಯನ್ನು ಹಾಗೇ ಬಿಟ್ಟು, ನೇರವಾಗಿ ಅಡುಗೆಮನೆಗೆ ನಡೆದಳು. ಅಲ್ಲಿ ಓಬಳಮ್ಮ ಒಲೆಯ ಮುಂದಿದ್ದಳು, ಅನಸೂಯಮ್ಮ ಕಾಯಿ ತುರಿಯುತ್ತಿದ್ದಳು, ಆಂಜಿನಮ್ಮ ಇದಕ್ಕೆಂದೇ ಬೇಗ ಎದ್ದು ಬಂದು ಬಾಗಿಲಿಗೆ ಒರಗಿದ್ದಳು.

"ಅಯ್ಯಯ್ಯೋ, ಅಲ್ಲೇ ನಿಲ್ಲೇ!" ಎಂದಳು ಆಂಜಿನಮ್ಮ. "ತಲೆಗೆ ನೀರು ಹಾಕ್ಕೊಳ್ದೆ ಒಲೆ ಹತ್ರ ಬರ್ತಾಳೆ ನೋಡು."

"ಹಾಕ್ಕೊಳ್ಳೋ ಅಂಥದ್ದು ಏನೂ ಆಗಿಲ್ಲ ದೊಡ್ಡಮ್ಮ."

ಕಾಯಿ ತುರಿಯುವ ಸದ್ದು ನಿಂತಿತು. ಅದೇ ಹೊತ್ತಿಗೆ ಮುರಳಿ ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಾ ನಡುಮನೆಗೆ ಬಂದ. ಓಬಳಮ್ಮ ಸೊಸೆಯ ಒಣ ಜಡೆ ನೋಡಿದಳು. ಅದರಲ್ಲಿ ಬಾಡಿದ ಮಲ್ಲಿಗೆ ಇನ್ನೂ ಇತ್ತು. ಮಗನ ಒದ್ದೆ ತಲೆ ನೋಡಿದಳು. ಹಟಮಾರಿಯೇ ಹೊರತು ಓಬಳಮ್ಮ ದಡ್ಡಿಯಲ್ಲ. ಅವಳ ಮುಖದ ಬಣ್ಣ ಬದಲಾಯಿತು.

"ಇವಾಗ ಆಗಿಲ್ಲ ಸರಿ" ಎಂದಳು ನಿಧಾನವಾಗಿ. "ಹುಳ ಇದ್ದಾಗ?"

"ಇಲ್ಲ ಅತ್ತೆ. ಅವತ್ತೂ ಇದೇ ಹೇಳ್ದೆ. ನೀವು ನನ್ನ ಕಡೆ ನೋಡ್ಲೇ ಇಲ್ಲ."

"ಮುರಳೀ" ಎಂದು ಕರೆದಳು ಓಬಳಮ್ಮ. "ಬಾರೋ ಇಲ್ಲಿ. ಯಾರಿಗೆ ತೋರ್ಸಕ್ಕೆ ಹುಯ್ಕೊಂಡೆ ಆ ನೀರು?"

ಮುರಳಿ ಬಾಗಿಲವರೆಗೆ ಬಂದು ನಿಂತ. ಕೂದಲಿನಿಂದ ನೀರು ಇಳಿದು ಬನಿಯನ್ ನೆನೆಯುತ್ತಿತ್ತು. ತಲೆ ತಗ್ಗಿಸಿದ. ಸೌಜನ್ಯ ಈ ಸಲವೂ ಇಷ್ಟೇ, ಮತ್ತೆ ಇಷ್ಟೇ ಎಂದುಕೊಂಡಳು. ಆದರೆ ಈ ಸಲ ಓಬಳಮ್ಮ ಬಿಡಲಿಲ್ಲ.

"ತಲೆ ಎತ್ತು. ಬಾಯಲ್ಲಿ ಹೇಳು."

"ಆಗಿಲ್ಲಮ್ಮ" ಎಂದ ಮುರಳಿ. "ಯಾವತ್ತೂ ಆಗಿಲ್ಲ. ಟೀ ಅಂಗಡೀಲಿ ನಾನು ಹೇಳಿದ್ದು ಸುಳ್ಳು. ಅವಳದೇನೂ ತಪ್ಪಿಲ್ಲ."

ಆಂಜಿನಮ್ಮ ಸೆರಗು ಸರಿಮಾಡಿಕೊಂಡು ತನ್ನ ಮನೆಯಲ್ಲಿ ಹಾಲು ಒಲೆಯ ಮೇಲಿದೆ ಎಂದು ಹೊರಟುಹೋದಳು. ಅನಸೂಯಮ್ಮ ಮಗಳನ್ನು ನೋಡಿದಳು, ನೋಡಲಾರದೆ ತುರಿದ ಕಾಯಿಯನ್ನೇ ಮತ್ತೆ ತುರಿಯಹೋದಳು. ಓಬಳಮ್ಮ ಎದ್ದು ಬಂದು ಸೊಸೆಯ ಜಡೆಯಿಂದ ಬಾಡಿದ ಹೂವು ತೆಗೆದಳು. ತಪ್ಪಾಯಿತು ಎನ್ನುವ ಅಭ್ಯಾಸ ಅವಳಿಗಿರಲಿಲ್ಲ. "ಕಾಫಿಗೆ ನೀರು ಇಡಮ್ಮ" ಎಂದಳು.

ಸೌಜನ್ಯ ನೀರಿಟ್ಟಳು. ನಿಜ ಹೊರಬಿದ್ದರೆ ಎದೆಯ ಭಾರ ಇಳಿದು ಹಳೆಯ ಮಧ್ಯಾಹ್ನ ವಾಪಸು ಬರುತ್ತದೆ ಎಂದು ಅವಳು ಒಳಗೊಳಗೇ ಆಸೆಪಟ್ಟಿದ್ದಳು. ಭಾರ ಇಳಿಯಿತು, ಮಧ್ಯಾಹ್ನ ಬರಲಿಲ್ಲ. ಗಂಡನ ಮೇಲೆ ಸಿಟ್ಟಿತ್ತು, ಒಂದು ಬಗೆಯ ಮರುಕವೂ ಇತ್ತು. ಎರಡೂ ಕಲಸಿಹೋಗಿ ಯಾವುದು ಎಷ್ಟೆಂದು ಅವಳಿಗೇ ತಿಳಿಯಲಿಲ್ಲ.

ಮುರಳಿ ಡ್ಯೂಟಿಗೆ ಹೊರಟಾಗ ಅವಳು ಊಟದ ಡಬ್ಬಿ ತಂದುಕೊಟ್ಟಳು. ಅವನು ಬೈಕಿನ ಹತ್ತಿರ ಕೀ ತಿರುವುತ್ತಾ ನಿಂತಿದ್ದ.

"ಹೇಳ್ದೆನಲ್ಲ" ಎಂದ. "ಎಲ್ರ ಮುಂದೆ ಹೇಳ್ದೆ. ಇನ್ನಾದ್ರೂ ಸಮಾಧಾನಾನಾ?"

"ಮನೇಲಿ ಹೇಳಿದ್ರಿ. ಸುಳ್ಳು ಹೇಳಿದ್ದು ಸರ್ಕಲ್‌ನಲ್ಲಿ."

ಮುರಳಿ ರಸ್ತೆಯ ಕಡೆ ನೋಡಿದ. ಆ ಹೊತ್ತಿಗೆ ಟೀ ಅಂಗಡಿಯ ಬೆಂಚಿನ ಮೇಲೆ ರಮೇಶ್‌ಬಾಬು, ಮಿಕ್ಕ ಹುಡುಗರು ಎಲ್ಲ ಬಂದು ಕೂತಿರುತ್ತಾರೆ. ಪ್ರಸ್ತದ ಮಾರನೆಯ ಬೆಳಿಗ್ಗೆ ಬೇರೆ, ಇವನಿಗಾಗಿಯೇ ಕಾಯುತ್ತಿರುತ್ತಾರೆ.

"ಹೇಳ್ತೀನಿ. ಹೇಳಲ್ಲ ಅಂತಲ್ಲ" ಎಂದ. "ಆದ್ರೆ ಸ್ವಲ್ಪ ಟೈಮ್ ಕೊಡು ಸೌಜನ್ಯ. ನಂಗೆ ಭಯ ಆಗುತ್ತೆ. ಈಗ್ಲೇ ಅಂದ್ರೆ ಆಗಲ್ಲ. ಧೈರ್ಯ ಬಂದ ದಿನ ನಾನಾಗೇ..."

ಅಷ್ಟು ಹೇಳಿ ಥಟ್ಟನೆ ನಿಂತ. ಬಾಯಿ ತೆರೆದೇ ಇತ್ತು. ಕೋಣೆಯಲ್ಲಿ ಅವಳು ಹೇಳಿದ್ದನ್ನೇ ತಾನೂ ಹೇಳುತ್ತಿದ್ದೇನೆಂದು ಅವನಿಗೆ ಕೇಳಿಸಿತ್ತು. ಮುಖ ಎತ್ತಿ ಹೆಂಡತಿಯನ್ನು ನೋಡಿದ. ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ.

"ತಗೊಳ್ಳಿ" ಎಂದಳು ಸೌಜನ್ಯ. ಅವಳ ದನಿಯಲ್ಲಿ ಕೊಂಕಿರಲಿಲ್ಲ. "ಎಷ್ಟು ದಿನ ಬೇಕೋ ತಗೊಳ್ಳಿ. ಅಲ್ಲೀವರ್ಗೂ ನಾನು ಯಾರ್ಗೂ ಆಯ್ತು ಅಂತ ಸುಳ್ಳು ಹೇಳಲ್ಲ."